ಸಿಗ್ನಲ್ ಸಿಗದ ದಂಡೆಯ ಸಂಕ್ರಾಂತಿ

ಹಗರಿಬೊಮ್ಮನಹಳ್ಳಿ ಬಿಟ್ಟು ತಂಬ್ರಹಳ್ಳಿ ಸೀಮೆಯತ್ತ ಹೊರಳಿದರೆ ಗಾಳಿಯ ಗುಣವೇ ಬದಲಾಗುತ್ತದೆ. ಕೂಡ್ಲಿಗಿಯ ಕೆಂಪು ಮಸಾರಿಯಲ್ಲಿ, ಕೊಟ್ಟೂರಿನ ಶೇಂಗಾ ಹೊಲಗಳಲ್ಲಿ ದೂಳೆಬ್ಬಿಸುತ್ತ ತಿರುಗುವ ಒಣಗಾಳಿ ಇಲ್ಲಿಗೆ ಬರುವ ಹೊತ್ತಿಗೆ ತೇವ ಹೊತ್ತಿರುತ್ತದೆ; ಹಸಿ ಕೆಸರು, ಒಣಗಲು ಹರವಿದ ಬಲೆ, ಭತ್ತದ ಗದ್ದೆಯ ಹುಲ್ಲು, ಮೂರರ ವಾಸನೆಯೂ ಅದರಲ್ಲಿ ಬೆರೆತಿರುತ್ತದೆ. ಜನವರಿಯ ಎರಡನೇ ವಾರ. ದಾರಿಯ ಎರಡೂ ಬದಿಗೆ ಬಿಳಿಜೋಳ ಹಾಲುತೆನೆಗೆ ಬಂದು ತಲೆದೂಗುತ್ತಿದೆ. ಟ್ರ್ಯಾಕ್ಟರಿನ ಟ್ರೇಲರಿನಲ್ಲಿ ಜಮಖಾನೆ ಹಾಸಿ ಕುಳಿತ ಮಂದಿ, ಅವರ ನಡುವೆ ಬುತ್ತಿಯ ಗಂಟುಗಳು, ನೀರಿನ ಕೊಡ, ಕಟ್ಟಿಗೆಯ ಹೊರೆ, ಮೂಲೆಯಲ್ಲಿ ಸುತ್ತಿಟ್ಟ ತಾಡಪತ್ರಿ. ಎಂಜಿನ್ನಿನ ಸದ್ದಿಗೆ ಒಬ್ಬರ ಮಾತು ಒಬ್ಬರಿಗೆ ಕೇಳದು. ಆದರೂ ಎಲ್ಲರೂ ಮಾತಾಡುತ್ತಿದ್ದಾರೆ. ಬದುವಿನ ಮೇಲೆ ಒಮ್ಮೆ ಎಡಕ್ಕೆ, ಒಮ್ಮೆ ಬಲಕ್ಕೆ ವಾಲುತ್ತ ಟ್ರ್ಯಾಕ್ಟರು ಜಾಲಿಮರಗಳ ಸಾಲು ದಾಟಿದ್ದೇ ತಡ, ಎದುರಿಗೆ ನೀರು. ಕಣ್ಣು ಹಾಯುವಷ್ಟು ದೂರವೂ ನೀರು. ಆಚೆ ದಡ ಕೊಪ್ಪಳ ಸೀಮೆಯದು. ಬೆಳಗಿನ ಮಂಜು ಸರಿಯುವವರೆಗೆ ಅದು ಕಾಣುವುದೇ ಇಲ್ಲ. ಗಾಳಿಗೆ ಎದ್ದ ಅಲೆಗಳು ದಂಡೆಗೆ ಬಂದು ನೊರೆ ಬಿಟ್ಟು ಹಿಂದಕ್ಕೆ ಸರಿಯುತ್ತವೆ.

ಈ ಕಡೆಯ ಐದು ತಾಲ್ಲೂಕಿನವರಿಗೆ ಸಮುದ್ರವೆಂದರೆ ಇದೇ, ತುಂಗಭದ್ರೆಯ ಹಿನ್ನೀರು. ನಿಜವಾದ ಕಡಲು ನೋಡಬೇಕೆಂದರೆ ಹುಬ್ಬಳ್ಳಿ ದಾಟಿ, ಘಟ್ಟ ಇಳಿದು ಅಂಕೋಲೆ, ಗೋಕರ್ಣದ ಕಡೆಗೆ ಹೋಗಬೇಕು. ಅದಕ್ಕೆ ರಜೆ ಬೇಕು, ರೊಕ್ಕ ಬೇಕು, ರಾತ್ರಿಯೆಲ್ಲ ಬಸ್ಸಿನಲ್ಲಿ ಕೂರುವ ಸೊಂಟ ಬೇಕು. ಹಿನ್ನೀರಿಗೆ ಅದ್ಯಾವುದೂ ಬೇಡ. ಹರಪನಹಳ್ಳಿಯವರು, ಕೊಟ್ಟೂರಿನವರು ಹರಿಹರದಿಂದ ಹೊಸಪೇಟೆಗೆ ಹೋಗುವ ರೈಲು ಹತ್ತಿ ಹಗರಿಬೊಮ್ಮನಹಳ್ಳಿಯಲ್ಲಿ ಇಳಿಯುತ್ತಾರೆ. ಕೂಡ್ಲಿಗಿಯವರಿಗೆ, ಹಡಗಲಿಯವರಿಗೆ ಬಸ್ಸುಂಟು. ಸಂಕ್ರಾಂತಿಗೆ ಹೊಳೆ ಸ್ನಾನ ಮಾಡುವುದು ಈ ನಾಡಿನ ಹಳೆಯ ಪದ್ಧತಿ. ಕೆಲವರು ಮೈಲಾರಕ್ಕೆ, ಕುರುವತ್ತಿಗೆ, ಮದಲಗಟ್ಟಿಗೆ ಹೋಗುತ್ತಾರೆ; ಕೆಲವರು ಹಂಪಿಗೆ. ಈ ಬಳಗದವರು ಮಾತ್ರ ಭೋಗಿಯ ಹಿಂದಿನ ದಿನವೇ ಬಂದು, ಕರಿ ಮುಗಿಸಿಕೊಂಡು ಹೋಗುವ ಲೆಕ್ಕದಲ್ಲಿ ದಂಡೆಯ ಹೊಲದಲ್ಲಿ ಬಿಡಾರ ಹೂಡುತ್ತಾರೆ. ಅಣ್ಣ ತಮ್ಮಂದಿರು, ಕೊಟ್ಟ ಹೆಣ್ಣುಮಕ್ಕಳು, ಅಳಿಯಂದಿರು, ಬೆಂಗಳೂರಿನಲ್ಲಿ ಓದುವ ಮೊಮ್ಮಕ್ಕಳು. ನಾವೂ ಅವರ ಹಿಂದೆಯೇ ಟ್ರೇಲರ್ ಇಳಿದು, ಚಪ್ಪಲಿ ಕೈಯಲ್ಲಿ ಹಿಡಿದು, ನೀರಿನ ಅಂಚಿಗೆ ನಡೆಯೋಣ ಬನ್ನಿ.

ಒಂದು ಕೆಲಸ ಮಾತ್ರ ಊರೊಳಗಿನ ಮನೆಯಲ್ಲೇ ಮುಗಿದಿದೆ. ಹೊರಡುವ ಮುಂಚೆ ಮನೆಯ ಹಿರಿಯಜ್ಜಿ ಅಡುಗೆಮನೆಯ ಪಕ್ಕದ ಕೋಣೆಯಲ್ಲಿ ತನ್ನ ಹಳೆಯ ತಗಡಿನ ಟ್ರಂಕು ತೆಗೆದಿಟ್ಟುಕೊಂಡು ಕುಳಿತಳು. ಒಬ್ಬೊಬ್ಬರೇ ಬಂದು ಫೋನು ಬಂದ್ ಮಾಡಿ ಅದರೊಳಗೆ ಇಡಬೇಕು. ಮಡಿಸಿಟ್ಟ ಇಳಕಲ್ ಸೀರೆಗಳ ಮೇಲೆ, ನುಸಿಗುಳಿಗೆಯ ವಾಸನೆಯ ನಡುವೆ ಕರಿಯ, ನೀಲಿಯ, ಬಂಗಾರದ ಬಣ್ಣದ ಫೋನುಗಳು ಸಾಲಾಗಿ ಮಲಗಿದವು. ಮುಚ್ಚಳ ಬಿತ್ತು, ಬೀಗ ಬಿತ್ತು, ಬೀಗದ ಕೈ ಅಜ್ಜಿಯ ಸೊಂಟದ ಸಂಚಿಗೆ ಸೇರಿತು. ಊರಲ್ಲೇ ಉಳಿಯುವ ದೊಡ್ಡ ಮಗನ ಬಳಿ ಒಂದು ಬಟನ್ ಫೋನು ಇರುತ್ತದೆ. ಯಾರಿಗಾದರೂ ಜರೂರು ಸುದ್ದಿ ಇದ್ದರೆ ಆ ನಂಬರಿಗೆ ಬರಲಿ, ಆತ ಬೈಕಿನಲ್ಲಿ ಬಂದು ಹೇಳುತ್ತಾನೆ. ಊರಿನ ಮನೆಮಂದಿಗೆಲ್ಲ ಆ ನಂಬರು ಮೊದಲೇ ಕೊಟ್ಟಾಗಿದೆ. ಹಾಗಾಗಿ ಯಾರಿಗೂ ದಿಗಿಲಿಲ್ಲ. ದಂಡೆಯಲ್ಲಿ ಹೇಗೂ ಸಿಗ್ನಲ್ ಸರಿಯಾಗಿ ನಿಲ್ಲದು. ಒಂದು ಕಡ್ಡಿ ಬಂದು, ಎರಡು ನಿಮಿಷಕ್ಕೆ ಮಾಯವಾಗುವ ಸಿಗ್ನಲ್ಲಿಗಾಗಿ ದಿಬ್ಬ ಹತ್ತಿ ಕೈ ಮೇಲೆತ್ತಿ ನಿಲ್ಲುವುದಕ್ಕಿಂತ ಟ್ರಂಕಿನ ವ್ಯವಸ್ಥೆಯೇ ವಾಸಿ ಎಂದು ಎಲ್ಲರೂ ಒಪ್ಪಿದ್ದಾರೆ.

ಒಪ್ಪಿದರೂ ಮೊದಲ ಸಂಜೆ ಕಷ್ಟದ್ದೇ. ನೋಡುತ್ತ ಕುಳಿತರೆ ತಿಳಿಯುತ್ತದೆ: ಕೈಗಳು ತಾವಾಗಿಯೇ ಜೇಬಿಗೆ ಹೋಗಿ ಬರಿದಾಗಿ ಹೊರಬರುತ್ತವೆ. ಡಿಗ್ರಿ ಓದುವ ಹುಡುಗನೊಬ್ಬ ಮೂರು ಬಾರಿ ತೊಡೆ ತಟ್ಟಿಕೊಂಡು ನೋಡಿದ. ಹೊಸಪೇಟೆಯಲ್ಲಿ ಅಂಗಡಿ ಇಟ್ಟಿರುವ ಅಳಿಯ, ವಸೂಲಿಯ ಚಿಂತೆಯಲ್ಲಿ ದಂಡೆಯುದ್ದಕ್ಕೂ ಶತಪಥ ತಿರುಗಿದ. ಐದು ವರ್ಷದ ಕೂಸು ಊಟಕ್ಕೆ ಕೂತಾಗ ಹಟ ಹಿಡಿಯಿತು. ಕಾರ್ಟೂನ್ ಇಲ್ಲದೆ ಅದಕ್ಕೆ ತುತ್ತು ಇಳಿಯದು. "ಯವ್ವಾ, ಫೋನ್ ಎಲ್ಲೈತಿ?" ಎಂದು ಅತ್ತಿತು. "ಟ್ರಂಕಿನ್ಯಾಗ ನಿದ್ದಿ ಮಾಡಾಕತ್ತೈತಿ, ಎಬ್ಬಿಸಬ್ಯಾಡ" ಎಂದಳು ಅವರವ್ವ. ಅಷ್ಟರಲ್ಲಿ ಟಿಟ್ಟಿಭವೊಂದು ತಲೆಯ ಮೇಲೆ ಕೂಗುತ್ತ ಹಾರಿತು. ಕೂಸು ಅತ್ತ ನೋಡಿತು, ಬಾಯಿ ತೆರೆದಿತ್ತು, ಮೊಸರನ್ನದ ತುತ್ತು ಒಳಗೆ ಹೋಯಿತು. ಮರುದಿನ ಮಧ್ಯಾಹ್ನದ ಊಟದ ಹೊತ್ತಿಗೆ ಫೋನಿನ ಸುದ್ದಿಯನ್ನು ಅದು ಎತ್ತಲಿಲ್ಲ.

ಬೆಳಗ್ಗೆ ಎಬ್ಬಿಸುವುದು ಅಲಾರಾಂ ಅಲ್ಲ, ಹರಿಗೋಲಿಗೆ ಹುಟ್ಟು ತಾಕುವ ಸದ್ದು. ದಂಡೆಯ ಆಚೆ ತುದಿಯಲ್ಲಿ ಗುಡಿಸಲು ಹಾಕಿಕೊಂಡ ಮೀನುಗಾರರು ಸಂಜೆ ಬಿಟ್ಟ ಬಲೆಯನ್ನು ಎತ್ತಿಕೊಂಡು ಬರುವ ಹೊತ್ತು ಅದು. ಹರಿಗೋಲನ್ನು ಹತ್ತಿರದಿಂದ ನೋಡಿ. ಸೀಳಿದ ಬಿದಿರಿನ ದಬ್ಬೆಗಳನ್ನು ಅಡ್ಡಡ್ಡ ಉದ್ದುದ್ದ ಹೆಣೆದು, ಅಂಚನ್ನು ದುಂಡಗೆ ಬಾಗಿಸಿ ಬಿಗಿದಿದ್ದಾರೆ. ಹಿಂದೆ ಹೊರಮೈಗೆ ತೊಗಲು ಹೊದಿಸುತ್ತಿದ್ದರು. ಈಗ ಪ್ಲಾಸ್ಟಿಕ್ ಚೀಲಗಳನ್ನು ಹೊಲಿದು ಹೊದಿಸಿ ಮೇಲೆ ಡಾಂಬರು ಬಳಿಯುತ್ತಾರೆ. ಮುಂದೆ ಇಲ್ಲ, ಹಿಂದೆ ಇಲ್ಲ, ಎತ್ತ ಎಳೆದರೆ ಅತ್ತಲೇ ಅದರ ಮೂತಿ. ಮೀನುಗಾರ ಅಂಚಿಗೆ ಮಂಡಿಯೂರಿ ಕುಳಿತು ಒಂದೇ ಹುಟ್ಟಿನಿಂದ ನೀರನ್ನು ತನ್ನ ಕಡೆಗೆ ಎಡಬಲವಾಗಿ ಸೆಳೆಯುತ್ತಾನೆ. ಒಂದು ಕ್ಷಣ ಕೈ ತಪ್ಪಿದರೂ ಹರಿಗೋಲು ಗರಗರ ತಿರುಗುತ್ತದೆ. ಅವನ ಬಲೆಗೆ ತೇಲಿಸುವ ಬೆಂಡುಗಳೆಂದರೆ ಹಳೆಯ ಹವಾಯಿ ಚಪ್ಪಲಿಯನ್ನು ಕೊರೆದು ಮಾಡಿದ ಬಿಲ್ಲೆಗಳು, ನೀಲಿಯವು ಕೆಲವು, ಸವೆದು ಬಿಳಿಚಿಕೊಂಡವು ಕೆಲವು.

ಬಲೆ ದಂಡೆಗೆ ಬಂತೆಂದರೆ ಹುಡುಗರಿಗೆ ಕೆಲಸ. ನೈಲಾನ್ ಎಳೆ ಕಣ್ಣಿಗೆ ಕಾಣದಷ್ಟು ಸಣ್ಣದು. ಮೀನಿನ ಕಿವಿರಿನ ಹಿಂದೆ ಅದು ಸಿಕ್ಕಿಕೊಂಡಿರುತ್ತದೆ. ಹೆಬ್ಬೆರಳಿನಿಂದ ಕಿವಿರು ಎತ್ತಿ, ಎಳೆಯನ್ನು ತಲೆಯ ಕಡೆಗೆ ಜಾರಿಸಿ, ಮೀನಿಗೂ ಗಾಯವಾಗದಂತೆ, ಬಲೆಯೂ ಹರಿಯದಂತೆ ಬಿಡಿಸಬೇಕು. ಹಡಗಲಿಯ ಹೆಣ್ಣುಮಕ್ಕಳು ಮಲ್ಲಿಗೆ ಮೊಗ್ಗಿನ ಮಾಲೆ ಕಟ್ಟುವಾಗಿನ ನಾಜೂಕು ಇದಕ್ಕೂ ಬೇಕು. ಕಾಟ್ಲಾ, ರೋಹು, ಮೃಗಾಲ್, ನಡುವೆ ಬೆನ್ನಿನ ಮುಳ್ಳು ಸೆಟೆದುಕೊಂಡ ಜಿಲೇಬಿ ಮೀನು. ಮೊದಲ ಸಲ ಕೈಹಾಕಿದ ಬೆಂಗಳೂರಿನ ಹುಡುಗಿ ಆ ಮುಳ್ಳಿಗೆ ಬೆರಳು ಚುಚ್ಚಿಸಿಕೊಂಡು ನೀರಲ್ಲದ್ದಿ, ಮತ್ತೆ ಕುಳಿತಳು. ಬಿಸಿಲು ಹೊಳೆಯ ಮೇಲೆ ಪೂರ್ತಿ ಏರುವವರೆಗೂ ಅವಳು ಅಲ್ಲಿಂದ ಏಳಲಿಲ್ಲ. ಕೈತುಂಬ ಲೋಳೆ, ಮೊಣಕೈವರೆಗೆ ಬೆಳ್ಳಿಯ ಪೊರೆ. ಆ ಕೈಯಲ್ಲಿ ಫೋನು ಹಿಡಿಯುವ ಮಾತೇ ಇಲ್ಲ. ಕೈಗೆ ಕೆಲಸವಿದ್ದಲ್ಲಿ ಫೋನಿನ ನೆನಪು ತಾನಾಗಿ ಹಿಂದೆ ಸರಿಯುತ್ತದೆ. ದಂಡೆಯ ಈ ದಿನಗಳಲ್ಲಿ ಮತ್ತೆ ಮತ್ತೆ ಕಣ್ಣಿಗೆ ಬಿದ್ದ ಸಂಗತಿ ಇದು. ಬೈದು ಕಸಿದುಕೊಂಡರೆ ಬಿಡದ ಮಕ್ಕಳು ಬಲೆ, ಒಲೆ, ನೀರು ಕಂಡರೆ ತಾವೇ ಮರೆಯುತ್ತಾರೆ.

ನಡುಮಧ್ಯಾಹ್ನಕ್ಕೆ ಮೂರು ಕಲ್ಲಿನ ಒಲೆ ಹತ್ತುತ್ತದೆ. ಭೋಗಿಯ ದಿನ ಸಜ್ಜೆರೊಟ್ಟಿ ಆಗಲೇಬೇಕು. ಹೊಲದಲ್ಲಿ ಸಿಕ್ಕ ತರಕಾರಿಯನ್ನೆಲ್ಲ ಸೇರಿಸಿದ ಪಲ್ಯ, ಎಣ್ಣೆಗಾಯಿ ಬದನೆ, ಗುರೆಳ್ಳಿನ ಪುಡಿ, ಕೆಂಪುಚಟ್ನಿ ಅದರ ಜೊತೆಗೆ. ಸಜ್ಜೆ ಹಿಟ್ಟಿಗೆ ಬಿಸಿನೀರು ಹಾಕಿ ನಾದುವ ಕೈ ದೊಡ್ಡವ್ವನದು. ಹಿಟ್ಟು ಉಂಡೆಯಾಗಿ, ಉಂಡೆ ಕೊಣಮಿಗೆಯಲ್ಲಿ ಅಂಗೈಯ ಕೆಳಗೆ ತಿರುಗುತ್ತ ತಿರುಗುತ್ತ ಅಗಲವಾಗುತ್ತದೆ. ಮೇಲೆ ಕರಿಎಳ್ಳು ಉದುರಿಸಿ ಒತ್ತಿದರೆ ರೊಟ್ಟಿ ಹಂಚಿಗೆ ಸಿದ್ಧ. ಬಡಿತದ ಸದ್ದಿಗೊಂದು ತಾಳವಿದೆ, ಅದು ಅಲೆಯ ಸದ್ದಿನೊಳಗೆ ಸೇರಿಹೋಗುತ್ತದೆ. ಒಲೆಯ ಇನ್ನೊಂದು ಬದಿಗೆ ಗಂಡಸರ ಕೆಲಸ ನಡೆದಿದೆ: ಕುಳ್ಳಿನ ಕೆಂಡದಲ್ಲಿ ಹಾಲುತೆನೆಯ ಜೋಳ ಸುಡುವುದು. ತೆನೆ ಚಟಪಟ ಎಂದ ಕೂಡಲೇ ಹೊರಗೆಳೆದು, ಗೋಣಿತಾಟಿನಲ್ಲಿ ಉಜ್ಜಿ, ಮೊರದಲ್ಲಿ ಹೊಟ್ಟು ಊದಿದರೆ ಹಸಿರು ಮುತ್ತಿನ ಸೀತನಿ. ಬಿಸಿ ಇರುವಾಗಲೇ ಶೇಂಗಾಚಟ್ನಿ ಬೆರೆಸಿ ಹಿಡಿಹಿಡಿಯಾಗಿ ಎಲ್ಲರ ಕೈಗೆ. ಯಾರೂ ಅದರ ಚಿತ್ರ ತೆಗೆಯಲಿಲ್ಲ. ಎಲ್ಲರೂ ಬಿಸಿಬಿಸಿಯಾಗಿ ತಿಂದರು.

ಸಂಕ್ರಾಂತಿಯ ಬೆಳಗ್ಗೆ ಅರೆದ ಎಳ್ಳನ್ನು ಮೈಗೆಲ್ಲ ಹಚ್ಚಿಕೊಂಡು ಸ್ನಾನ. ಮಂಜಿನ ಚಳಿಗೆ ನಡುಗುವ ಮಕ್ಕಳನ್ನು ಎಳ್ಳಿನ ಜಿಡ್ಡು ಬೆಚ್ಚಗಿಡುತ್ತದೆ. ಹೊಳೆಗೆ ಅರಿಸಿನ ಕುಂಕುಮ ಹಾಕಿ, ಎಡೆ ತೋರಿಸಿ, ಕೈಮುಗಿದು, ಆಮೇಲೆ ನೀರಿಗೆ. ಹಡಗಲಿಯ ಮಲ್ಲಿಗೆಗೆ ಇನ್ನೂ ಕಾಲ ಬಂದಿಲ್ಲ. ಹೆಣ್ಣುಮಕ್ಕಳ ಮುಡಿಯಲ್ಲಿ ಸೇವಂತಿಗೆ. ಅಜ್ಜಿ ಮಾತ್ರ ನೀರಿಗೆ ಇಳಿಯುವ ಮುನ್ನ ಪೂರ್ವಕ್ಕೆ ತಿರುಗಿ ಒಂದು ಗಳಿಗೆ ನಿಲ್ಲುತ್ತಾಳೆ. "ಅಲ್ಲೈತಿ ನೋಡು ನಮ್ಮೂರು" ಎಂದು ನೀರಿನ ಕಡೆಗೆ ಕೈ ಮಾಡುತ್ತಾಳೆ. ಅಲ್ಲಿ ಊರಿಲ್ಲ, ನೀರೇ ಇದೆ. ಅವಳ ತವರು ನಾರಾಯಣದೇವರ ಕೆರೆ. ಅಣೆಕಟ್ಟೆ ತುಂಬಿದಾಗ ಆ ಊರು ನೀರೊಳಗೆ ಹೋಯಿತು. ಅಲ್ಲಿನ ಮಂದಿ ಎದ್ದು ಬಂದು ನೆಲೆ ನಿಂತ ಊರೇ ಇವತ್ತಿನ ಮರಿಯಮ್ಮನಹಳ್ಳಿ, ನಾಟಕಕ್ಕೆ, ಕಲಾವಿದೆಯರಿಗೆ ಹೆಸರಾದ ಊರು. ಎತ್ತಿನ ಗಾಡಿಯಲ್ಲಿ ಬಾಗಿಲು, ತೊಲೆ, ಬೀಸುವ ಕಲ್ಲು ಹೇರಿಕೊಂಡು ಹೊರಟ ದಿನ ಅವಳು ಗಾಡಿಯ ಹಿಂಬದಿಗೆ ಕೂತ ಹುಡುಗಿ. "ಬಾವಿ ಮಾತ್ರ ತರಾಕ ಬರಲಿಲ್ಲ" ಎನ್ನುತ್ತಾಳೆ. ಮೊಮ್ಮಕ್ಕಳು ಈ ಕತೆಯನ್ನು ಹಿಂದೆ ಎಷ್ಟೋ ಹಬ್ಬಗಳಲ್ಲಿ ಅರ್ಧ ಕಿವಿಯಲ್ಲಿ ಕೇಳಿದ್ದರು. ಈಗ ಒದ್ದೆ ಬಟ್ಟೆಯಲ್ಲೇ ಸುತ್ತ ಕುಳಿತು ಪ್ರಶ್ನೆ ಕೇಳುತ್ತಿದ್ದಾರೆ: ಗುಡಿ ಎಲ್ಲಿತ್ತು, ಶಾಲೆ ಎಲ್ಲಿತ್ತು, ನಾಯಿಗಳನ್ನು ಏನು ಮಾಡಿದಿರಿ?

ಅಣೆಕಟ್ಟೆಗೆ ಅಡಿಗಲ್ಲು ಬಿದ್ದದ್ದು 1945ರಲ್ಲಿ. ನೀರು ಕಾಲುವೆಗೆ ಹರಿದದ್ದು 1953ರಲ್ಲಿ. ಸುಮಾರು 90 ಹಳ್ಳಿಗಳು ಹಿನ್ನೀರಿಗೆ ಜಾಗ ಬಿಟ್ಟುಕೊಟ್ಟವು. ಸಮುದ್ರ ಮಟ್ಟದಿಂದ 1,633 ಅಡಿಯವರೆಗೆ ನೀರು ನಿಂತಾಗ ಅದರ ಹರವು 378 ಚದರ ಕಿಲೋಮೀಟರ್. ಆದರೆ ಜನವರಿಯಲ್ಲಿ ಅಷ್ಟಿರುವುದಿಲ್ಲ. ಕಾಲುವೆಗೆ ನೀರು ಬಿಟ್ಟಂತೆಲ್ಲ ದಂಡೆ ಹಿಂದೆ ಸರಿಯುತ್ತದೆ. ನಿನ್ನೆ ನೆಟ್ಟ ಗೂಟದಿಂದ ಇವತ್ತು ನೀರು ಎಷ್ಟು ದೂರ ಹೋಗಿದೆ ಎಂದು ಹುಡುಗರು ಹೆಜ್ಜೆ ಹಾಕಿ ಅಳೆಯುತ್ತಾರೆ. ಹಾಗೆ ಅಳೆಯುತ್ತ ಹೋದ ಹುಡುಗನ ಕಾಲು ಮೊಣಕಾಲಿನವರೆಗೆ ಕೆಸರಲ್ಲಿ ಹೂತುಹೋಯಿತು. ನುಣುಪು ಕೆಸರು, ಒಂದು ಹರಳಿಲ್ಲದ್ದು. ಮಲೆನಾಡಿನಿಂದ, ದಾರಿಯ ಹೊಲಗಳಿಂದ ಹೊಳೆ ಹೊತ್ತು ತಂದ ಹೂಳು ಅದು. ಕಟ್ಟಿದಾಗ 130 ಟಿಎಂಸಿಗೂ ಹೆಚ್ಚು ನೀರು ಹಿಡಿಯುತ್ತಿದ್ದ ಜಲಾಶಯ ಈಗ ಹಿಡಿಯುವುದು 105 ಟಿಎಂಸಿಯ ಆಸುಪಾಸು ಮಾತ್ರ. ಉಳಿದ ಜಾಗವನ್ನು ಹೂಳು ತಿಂದಿದೆ. ಈ ಲೆಕ್ಕ ಆ ಹುಡುಗನ ಪಾಠಪುಸ್ತಕದಲ್ಲಿ ಇದ್ದರೂ ಇರಬಹುದು. ಕಾಲು ಹೂತುಹೋದ ಮೇಲೆ ಅವನು ಮಾವನನ್ನು ಕೂರಿಸಿಕೊಂಡು ಒಂದೊಂದಾಗಿ ಕೇಳಿ ತಿಳಿದುಕೊಂಡ.

ಇಳಿಹೊತ್ತಿಗೆ ಟ್ರ್ಯಾಕ್ಟರು ಅಂಕಸಮುದ್ರದ ಕಡೆಗೆ. ಹಿನ್ನೀರಿನ ನೆರೆಯಲ್ಲೇ ಇರುವ ಊರ ಕೆರೆ ಅದು, ಶತಮಾನಗಳ ಹಿಂದೆ ನೀರಾವರಿಗಾಗಿ ಕಟ್ಟಿದ್ದು. ಕೆರೆಯೊಳಗೆ ನೀರಲ್ಲಿ ಕಾಲೂರಿ ನಿಂತ ಜಾಲಿಮರಗಳು. ಪ್ರತಿ ಮರದ ಮೇಲೂ ಹಕ್ಕಿಗಳ ಸಂಸಾರ: ಬಾಲದ ಹತ್ತಿರದ ಗರಿಗಳಿಗೆ ಗುಲಾಬಿ ಬಳಿದುಕೊಂಡ ಬಣ್ಣದ ಕೊಕ್ಕರೆ, ಕರಿತಲೆಯ ಬಿಳಿ ಕೆಂಬರಲು, ರೆಕ್ಕೆ ಹರವಿ ಮೈ ಒಣಗಿಸುವ ನೀರುಕಾಗೆ. ಏರಿಯ ಮೇಲೆ ನಿಂತು ಕಿವಿಗೊಟ್ಟರೆ ಒಂದು ವಿಚಿತ್ರ ಸದ್ದು ಕೇಳುತ್ತದೆ, ಟಕಟಕ ಟಕಟಕ. ಬೆಳೆದ ಬಣ್ಣದ ಕೊಕ್ಕರೆಗೆ ಹೇಳಿಕೊಳ್ಳುವಂಥ ದನಿಯಿಲ್ಲ; ಉದ್ದ ಕೊಕ್ಕನ್ನು ಬಡಿದೇ ಮಾತಾಡುತ್ತದೆ. ಗೂಡಿನ ಮರಿಗಳದ್ದೇ ಗದ್ದಲ. ಹೊತ್ತು ಮುಳುಗುವ ಸಮಯಕ್ಕೆ ಜೋಳದ ಹೊಲಗಳಲ್ಲಿ ಮೇದು ಬಂದ ಗುಲಾಬಿ ಕಬ್ಬಕ್ಕಿಗಳು ಆಕಾಶದಲ್ಲಿ ಒಟ್ಟಾಗಿ ಒಮ್ಮೆ ಹಿಗ್ಗಿ, ಒಮ್ಮೆ ಕುಗ್ಗಿ, ಒಂದೇ ಸಲ ಮರಗಳಿಗೆ ಇಳಿಯುತ್ತವೆ. ಆಮೇಲೆ ಎಷ್ಟೋ ಹೊತ್ತು ಕೆರೆಯೆಲ್ಲ ಚಿಲಿಪಿಲಿ.

244 ಎಕರೆಯ ಈ ಕೆರೆ 2017ರಲ್ಲಿ ಪಕ್ಷಿ ಸಂರಕ್ಷಣಾ ಮೀಸಲು ಪ್ರದೇಶವಾಯಿತು. 2024ರ ಆರಂಭದಲ್ಲಿ ಜಗತ್ತಿನ ಮಹತ್ವದ ಜೌಗುನೆಲೆಗಳ ರಾಮ್ಸರ್ ಪಟ್ಟಿಗೆ ಸೇರಿತು. ಅದೇ ಸಲ ಗದಗ ಜಿಲ್ಲೆಯ ಮಾಗಡಿ ಕೆರೆಯೂ, ಗೋಕರ್ಣದ ಮಗ್ಗುಲಿನ ಅಘನಾಶಿನಿ ಅಳಿವೆಯೂ ಸೇರಿದವು. ಕಡಲ ತೀರದ ಅಳಿವೆಗೆ ಸಿಕ್ಕ ಗೌರವ ನಮ್ಮ ಬಯಲುಸೀಮೆಯ ಊರ ಕೆರೆಗೂ ಸಿಕ್ಕಿದೆ. 240 ಬಗೆಯ ಹಕ್ಕಿಗಳು ಇಲ್ಲಿ ಕಂಡಿವೆ. 30,000ಕ್ಕೂ ಹೆಚ್ಚು ನೀರುಹಕ್ಕಿಗಳು ಇಲ್ಲಿ ಗೂಡು ಕಟ್ಟುತ್ತವೆ, ರಾತ್ರಿ ತಂಗುತ್ತವೆ. ಫೋನು ಕೈಯಲ್ಲಿದ್ದಿದ್ದರೆ ಏರಿಯ ಮೇಲಿದ್ದ ಮಕ್ಕಳು ಕೆರೆಗೆ ಬೆನ್ನು ಮಾಡಿ ತಮ್ಮ ಮುಖದ ಚಿತ್ರ ತೆಗೆದುಕೊಳ್ಳುತ್ತಿದ್ದರೇನೋ. ಈಗ ಕೆರೆಗೆ ಮುಖ ಮಾಡಿ ಕುಳಿತರು. ಯಾವ ಹಕ್ಕಿ ಯಾವ ಮರಕ್ಕೆ ಇಳಿಯುತ್ತದೆ, ಯಾವುದು ಯಾವುದನ್ನು ಓಡಿಸುತ್ತದೆ ಎಂದು ಗುರುತಿಟ್ಟು ಪಿಸುಮಾತಿನಲ್ಲಿ ವಾದ ಮಾಡಿದರು.

ರಾತ್ರಿ ದಂಡೆಯಲ್ಲಿ ದೀಪವೆಂದರೆ ಒಲೆಯ ಕೆಂಡ ಮತ್ತು ಒಂದು ಲಾಟೀನು. ಎದುರು ದಡದಲ್ಲಿ ದೂರದ ಊರುಗಳ ಸಣ್ಣ ಬೆಳಕು. ತಲೆಯೆತ್ತಿದರೆ ಆಕಾಶ ತುಂಬಿದೆ. ಕುರಿ ಕಾಯುವ ಅಜ್ಜನೊಬ್ಬ ಕಂಬಳಿ ಹೊದ್ದು ಬಂದು ಕೆಂಡದ ಮುಂದೆ ಕುಳಿತ. ನೆತ್ತಿಯ ಹತ್ತಿರ ಒತ್ತೊತ್ತಾಗಿ ಮಿನುಗುವ ಗುಂಪನ್ನು ತೋರಿಸಿ "ಕೃತ್ತಿಕಾ" ಎಂದ. ಅದರ ಮಗ್ಗುಲಿಗೆ ಕೆಂಪಗೆ ಹೊಳೆಯುವುದು ರೋಹಿಣಿ, ಅದರಾಚೆಗೆ ಮೃಗಶಿರ, ಆಮೇಲೆ ಆರಿದ್ರ. ಮಕ್ಕಳಿಗೆ ಈ ಹೆಸರುಗಳು ಮಳೆಯ ಹೆಸರಾಗಿ ಗೊತ್ತು. ರೋಹಿಣಿ ಮಳೆ, ಮಿರಗದ ಮಳೆ ಎಂದು ಮನೆಯಲ್ಲಿ ದಿನವೂ ಕೇಳುತ್ತಾರೆ. ಅವು ನಕ್ಷತ್ರಗಳೆಂದು ಕಣ್ಣಾರೆ ಕಂಡದ್ದು ಈಗಲೇ. ಸೂರ್ಯ ಯಾವ ನಕ್ಷತ್ರದಲ್ಲಿ ಇರುತ್ತಾನೋ ಆ ಹೆಸರಿನ ಮಳೆ. ಮೇ, ಜೂನ್ ತಿಂಗಳಲ್ಲಿ ಇವು ಸೂರ್ಯನ ಬೆಳಕಿನಲ್ಲಿ ಮುಚ್ಚಿಹೋಗುತ್ತವೆ, ಚಳಿಗಾಲದ ರಾತ್ರಿಗೆ ಹೀಗೆ ನೆತ್ತಿಯ ಮೇಲೆ ಬರುತ್ತವೆ. ಮಳೆಗಾಲದ ಪಂಚಾಂಗ ಚಳಿಗಾಲದ ಆಕಾಶದಲ್ಲಿ ತೆರೆದುಕೊಂಡಿತ್ತು.

ಮಾತು ನೀರಿನ ಕಡೆಗೇ ಹೊರಳಿತು. 2024ರ ಆಗಸ್ಟ್ 10ರ ರಾತ್ರಿ ಅಣೆಕಟ್ಟೆಯ 33 ಗೇಟುಗಳಲ್ಲಿ 19ನೆಯದು ಸರಪಳಿ ಕಡಿದು ಕೊಚ್ಚಿಹೋದ ಕತೆ ಬಂತು. ತುಂಬಿ ನಿಂತಿದ್ದ ನೀರು ಕಣ್ಣೆದುರೇ ಹರಿದುಹೋಗುತ್ತಿತ್ತು. ಆ ರಾತ್ರಿ ಫೋನುಗಳು ಮಲಗಲಿಲ್ಲ. ಹೊಳೆಯಂಚಿನ ಊರುಗಳಿಗೆ ಎಚ್ಚರಿಕೆ ಹೋದದ್ದು, ಸುದ್ದಿ ಬಂದದ್ದು ಫೋನಿನಲ್ಲೇ. ಒಂದು ವಾರದ ಹೊತ್ತಿಗೆ ಹರಿಯುವ ನೀರಿಗೇ ತಾತ್ಕಾಲಿಕ ಗೇಟು ಇಳಿಸಿದರು. ಆಮೇಲೆ ಮಳೆ ಕೈಹಿಡಿದು ಜಲಾಶಯ ಮತ್ತೆ ತುಂಬಿತು. ಇದನ್ನು ಹೇಳಿದ ಮಾವ ಒಂದು ಮಾತು ಸೇರಿಸಿದ: "ಫೋನ್ ಬ್ಯಾಡ ಅನ್ನಾಂಗಿಲ್ಲ. ಅದು ಬೇಕಾದಾಗ ಬೇಕು. ಬ್ಯಾಡಾದಾಗೂ ಕೈಯಾಗ ಇದ್ರ ಅದು ನಮ್ಮನ್ನ ಆಳತೈತಿ." ಅಳಿಯನೂ ಈ ಮಾತಿಗೆ ತಲೆಯಾಡಿಸಿದ. ದಂಡೆಗೆ ಬಂದಾಗಿನಿಂದ ಅವನ ಅಂಗಡಿಯ ಬಗ್ಗೆ ಊರಿನ ಬಟನ್ ಫೋನಿಗೆ ಒಂದು ಕರೆಯೂ ಬಂದಿರಲಿಲ್ಲ.

ಮಕ್ಕಳ ಗದ್ದಲ ಜೋರಾದಾಗ ಅಜ್ಜಿ "ಸದ್ದಲೇ" ಎಂದು ಒಂದು ಕೂಗು ಹಾಕಿದಳು. ಎಲ್ಲರೂ ನಕ್ಕು, ಆಮೇಲೆ ಸುಮ್ಮನಾದರು. ಹಡಗಲಿ ತಾಲ್ಲೂಕಿನ ಮೈಲಾರದ ಕೂಗು ಅದು. ಭರತ ಹುಣ್ಣಿಮೆಯ ಜಾತ್ರೆಯಲ್ಲಿ ಡೆಂಕಣಮರಡಿಯ ಬಯಲಿನಲ್ಲಿ ಲಕ್ಷಾಂತರ ಮಂದಿ ಸೇರಿರುತ್ತಾರೆ. ಉಪವಾಸವಿದ್ದ ಗೊರವಯ್ಯ ಬಿಲ್ಲನ್ನೇರಿ "ಸದ್ದಲೇ" ಎಂದೊಡನೆ ಆ ಬಯಲಿಗೆ ಬಯಲೇ ಉಸಿರು ಬಿಗಿಹಿಡಿಯುತ್ತದೆ. ಅವನು ನುಡಿಯುವ ಭವಿಷ್ಯವಾಣಿ, ಅಂದರೆ ಕಾರ್ಣಿಕ, ಒಂದೇ ಒಂದು ಸಾಲು. ಆ ಸಾಲು ಕೇಳಿಸಿಕೊಳ್ಳಲು ಅಷ್ಟು ಜನ ಒಟ್ಟಿಗೆ ಮೌನವಾಗುತ್ತಾರೆ. ಈಗ ಅಲ್ಲಿಯೂ ಕೈಗಳ ತುಂಬ ಫೋನುಗಳು ಮೇಲೇಳುತ್ತವೆ. ಆದರೂ ಆ ಗಳಿಗೆಯ ಮೌನ ಇವತ್ತಿಗೂ ಹಾಗೆಯೇ ಉಳಿದಿದೆ. ಕಿವಿಗೊಡುವುದು ಈ ನೆಲದ ಜನಕ್ಕೆ ಹೊಸ ವಿದ್ಯೆಯಲ್ಲ.

ಹಾಗೆ ಸುಮ್ಮನಾಗುವುದನ್ನು ಈಗ ಬೇರೆ ಬೇರೆ ಕಡೆ ಪ್ರಯತ್ನಪಟ್ಟು ಕಲಿಸಬೇಕಾಗಿದೆ. ಮಹಾರಾಷ್ಟ್ರದ ಸಾಂಗ್ಲಿ ಜಿಲ್ಲೆಯ ಮೋಹಿತ್ಯಾಂಚೆ ವಡಗಾಂವ್‌ನಲ್ಲಿ 2022ರಲ್ಲಿ ಸಂಜೆ ಏಳಕ್ಕೆ ಸೈರನ್ ಮೊಳಗಿಸಿ ಒಂದೂವರೆ ತಾಸು ಟಿವಿ, ಮೊಬೈಲು ಬಂದ್ ಮಾಡುವ ಕ್ರಮ ಶುರುವಾಯಿತು. 2024ರ ಡಿಸೆಂಬರಿನಲ್ಲಿ ನಮ್ಮ ಬೆಳಗಾವಿಯ ಹಲಗಾ ಗ್ರಾಮದವರೂ ಸಂಜೆ ಏಳರಿಂದ ಒಂಬತ್ತರವರೆಗೆ ಅಂಥದೇ ನಿಯಮ ಹಾಕಿಕೊಂಡರು; ಆ ಹೊತ್ತು ಮಕ್ಕಳ ಓದಿಗೆ, ಮನೆಯವರ ಮಾತಿಗೆ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಫೋನು, ಗೇಮುಗಳ ಗೀಳಿಗೆ ಸಿಕ್ಕವರಿಗಾಗಿ 2014ರಿಂದಲೇ ಪ್ರತ್ಯೇಕ ಚಿಕಿತ್ಸಾಲಯವಿದೆ. ಆಸ್ಪತ್ರೆಯವರೆಗೆ ಹೋಗಬೇಕಾದವರು ಹೋಗಲೇಬೇಕು, ಅದರಲ್ಲಿ ನಾಚಿಕೆಯಿಲ್ಲ. ಆದರೆ ಅಲ್ಲಿಯವರೆಗೆ ಹೋಗದಂತೆ ತಡೆಯುವ ಕೆಲಸ ಮನೆಯದು. ಸೈರನ್ ಇರಲಿ, ಟ್ರಂಕು ಇರಲಿ, ಎರಡರಲ್ಲೂ ಇರುವ ಬುದ್ಧಿ ಒಂದೇ: ಒಬ್ಬರಿಗೆ ಮಾತ್ರ ಬೇಡವೆಂದರೆ ನಡೆಯದು, ಎಲ್ಲರೂ ಒಟ್ಟಿಗೆ ಇಡಬೇಕು. ತಾನು ಫೋನು ನೋಡುತ್ತ ಮಗುವಿನ ಕೈಯದನ್ನು ಕಸಿಯುವ ಅಪ್ಪನ ಮಾತನ್ನು ಯಾವ ಮಗುವೂ ಕೇಳುವುದಿಲ್ಲ. ಆ ಟ್ರಂಕಿನೊಳಗೆ ಮೊದಲು ಬಿದ್ದದ್ದು ಮನೆಯ ಹಿರಿಯರ ಫೋನು.

ಹಬ್ಬದ ಸಂಜೆ ಕುಸುರೆಳ್ಳು ಹಂಚುವ ಹೊತ್ತು. ಸಕ್ಕರೆಯ ಸಣ್ಣ ಮುಳ್ಳುಗಳೆದ್ದ ಬಿಳಿ, ಗುಲಾಬಿ ಎಳ್ಳು. ಹಿರಿಯರ ಕಾಲಿಗೆ ನಮಸ್ಕಾರ ಮಾಡಿ, ಕೈಗೆ ಕೊಟ್ಟು, "ಎಳ್ಳು ಬೆಲ್ಲ ತಗೊಂಡು ಒಳ್ಳೆ ಮಾತಾಡೋಣ" ಎಂದು ಹೇಳುವುದು ರೂಢಿ. ವರ್ಷಗಳಿಂದ ಮಾತು ಕಡಿಮೆಯಾಗಿದ್ದ ಅಣ್ಣತಮ್ಮಂದಿರಿಬ್ಬರು ಒಂದು ಹೊಲದ ಬದುವಿನ ವಿಚಾರವನ್ನು ಅಲ್ಲೇ, ನೀರಿನ ಅಂಚಿನಲ್ಲಿ ನಡೆಯುತ್ತ ಬಗೆಹರಿಸಿಕೊಂಡರು. ಅದು ಕುಸುರೆಳ್ಳಿನ ಗುಣವೋ, ನಡುವೆ ಎದ್ದು ಹೋಗಲು ನೆಪವಿಲ್ಲದ್ದರ ಗುಣವೋ. ಎದುರಿಗಿರುವವರ ಮಾತು ಪೂರ್ತಿ ಕೇಳಲು ಬಿಡುವು ಸಿಕ್ಕಿದ್ದಂತೂ ನಿಜ.

ಈ ದಂಡೆಗೆ ಬರಬೇಕೆನಿಸಿದವರಿಗೆ ನಾಲ್ಕು ಮಾತು. ಸಂಕ್ರಾಂತಿಯಿಂದ ಯುಗಾದಿಯವರೆಗೆ ನೀರು ಇಳಿಯುವ ಕಾಲ, ದಂಡೆ ವಿಶಾಲವಾಗಿರುತ್ತದೆ. ನೀರು ಎಷ್ಟೇ ಶಾಂತವಾಗಿ ಕಂಡರೂ ಮೊಣಕಾಲಿಗಿಂತ ಆಳಕ್ಕೆ ಮಕ್ಕಳನ್ನು ಬಿಡಬೇಡಿ. ಕೆಳಗೆ ಕಾಲು ಹೂಳುವ ಕೆಸರಿದೆ, ಮುಳುಗಿದ ಊರುಗಳ ಹಳೆಯ ಬಾವಿ, ಗುಂಡಿಗಳಿವೆ. ಹರಿಗೋಲು ಹತ್ತುವಿರಾದರೆ ಬಲ್ಲವರ ಜೊತೆಗೆ ಮಾತ್ರ. ಅಂಕಸಮುದ್ರದ ಏರಿಯ ಮೇಲೆ ಗಟ್ಟಿಯಾಗಿ ಹಾಡು ಹಚ್ಚಬೇಡಿ, ಗೂಡುಗಳ ಹತ್ತಿರ ಹೋಗಬೇಡಿ. ತಂದ ಪ್ಲಾಸ್ಟಿಕ್ಕನ್ನು, ಬಾಟಲಿಯನ್ನು, ತಟ್ಟೆಯನ್ನು ಗಂಟು ಕಟ್ಟಿಕೊಂಡು ವಾಪಸು ಒಯ್ಯಿರಿ. ಈ ನೀರು ಕೆಳಗೆ ಲಕ್ಷಾಂತರ ಎಕರೆ ಗದ್ದೆಗೆ, ಎಷ್ಟೋ ಊರುಗಳ ಕುಡಿಯುವ ನಲ್ಲಿಗೆ ಹೋಗುತ್ತದೆ. ಮನೆಯಲ್ಲಿ ಉಳಿಯುವ ಒಬ್ಬರ ನಂಬರನ್ನು ಬೇಕಾದವರಿಗೆಲ್ಲ ಕೊಟ್ಟು, ಮಿಕ್ಕ ಫೋನುಗಳನ್ನು ಟ್ರಂಕಿಗೆ ಹಾಕಿ ಬನ್ನಿ. ಬೀಗದ ಕೈ ಮಾತ್ರ ಮನೆಯ ಹಿರಿಯಜ್ಜಿಯ ಕೈಯಲ್ಲೇ ಇರಲಿ. ಕಾಯುವುದರಲ್ಲಿ ಅವಳಷ್ಟು ಗಟ್ಟಿ ಬೇರೆ ಯಾರೂ ಇಲ್ಲ.